ಗೀಸರ್ ನೀರು ಕಾಯುತ್ತಿಲ್ಲವೇ? ವೋಲ್ಟ್, ಆಂಪ್ ಅಳೆದು ದೋಷ ಹುಡುಕುವ ಕ್ರಮ

ಸ್ವಿಚ್ ಹಾಕಿ ಅರ್ಧ ಗಂಟೆಯಾದರೂ ನೀರು ಉಗುರುಬೆಚ್ಚಗೇ ಇದ್ದರೆ ಹೆಚ್ಚಿನ ಕಡೆ ನಡೆಯುವುದು ಒಂದೇ: ಕಾಯಿಲ್ ಹೋಗಿದೆ ಎಂದು ಹೊಸದು ಹಾಕಿಸುತ್ತಾರೆ. ಕಾಯಿಲ್ ನಿಜವಾಗಿ ಹೋಗಿದ್ದರೆ ನೀರು ಸ್ವಲ್ಪವೂ ಬೆಚ್ಚಗಾಗುವುದಿಲ್ಲ. ತಡವಾಗಿ ಕಾಯುತ್ತಿದೆ ಎಂದರೆ ಕಾಯಿಲ್‌ಗೆ ಸಿಗಬೇಕಾದ ವೋಲ್ಟೇಜ್ ಸಿಗುತ್ತಿಲ್ಲ, ಇಲ್ಲವೇ ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಬೇಗ ಕಡಿಯುತ್ತಿದೆ, ಇಲ್ಲವೇ ಬಿಸಿನೀರಿಗೆ ತಣ್ಣೀರು ಸೇರುತ್ತಿದೆ. ಯಾವುದೆಂದು ಊಹಿಸುತ್ತ ಕೂರಬೇಕಾಗಿಲ್ಲ. ಗೀಸರ್ ಓಡುತ್ತಿರುವಾಗಲೇ ಅಳೆದ ವೋಲ್ಟ್ ಮತ್ತು ಆಂಪ್, ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ದೋಷ ಕಾಯಿಲ್‌ನಲ್ಲಿದೆಯೋ, ವೈರಿನಲ್ಲಿದೆಯೋ, ಬೀದಿಯಿಂದ ಬರುವ ಲೈನಿನಲ್ಲಿದೆಯೋ ಗೊತ್ತಾಗುತ್ತದೆ. "ಓಡುತ್ತಿರುವಾಗಲೇ" ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಲೋಡ್ ಇಲ್ಲದ ಸಾಕೆಟ್ಟಿನಲ್ಲಿ 230 ವೋಲ್ಟ್ ಕಂಡಿತು ಎಂಬುದರಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಮೊದಲು ಪ್ಲೇಟ್ ಓದಿ

ಗೀಸರ್ ಮೈಮೇಲೆ ಅಂಟಿಸಿರುವ ಪ್ಲೇಟಿನಲ್ಲಿ 2000 ವ್ಯಾಟ್, 230 ವೋಲ್ಟ್ ಎಂದಿರುತ್ತದೆ. ಅಳತೆಗೆ ಮುಂಚೆ ಇದರಿಂದ ಎರಡು ಸಂಖ್ಯೆ ತೆಗೆದು ಬರೆದಿಟ್ಟುಕೊಳ್ಳಿ.

ಆಂಪ್ = ವ್ಯಾಟ್ ÷ ವೋಲ್ಟ್ = 2000 ÷ 230 = 8.7 ಆಂಪ್
ರೋಧ (ಕರೆಂಟಿಗೆ ಕಾಯಿಲ್ ಒಡ್ಡುವ ತಡೆ) = ವೋಲ್ಟ್ ÷ ಆಂಪ್ = 230 ÷ 8.7 = ಸುಮಾರು 26.5 ಓಮ್

ಇದೇ ಸೂತ್ರಗಳನ್ನು ತಿರುಗಿಸಿದರೆ ಇನ್ನೆರಡು ಸಿಗುತ್ತವೆ. ವ್ಯಾಟ್ = ವೋಲ್ಟ್ × ವೋಲ್ಟ್ ÷ ರೋಧ. ವ್ಯಾಟ್ = ಆಂಪ್ × ಆಂಪ್ × ರೋಧ. ಮೊದಲನೆಯದು ಕಾಯಿಲ್ ಲೆಕ್ಕಕ್ಕೆ, ಎರಡನೆಯದು ಸಡಿಲವಾದ ಜಾಯಿಂಟಿನಲ್ಲಿ ಎಷ್ಟು ಶಾಖ ಹುಟ್ಟುತ್ತಿದೆ ಎಂಬ ಲೆಕ್ಕಕ್ಕೆ. ಈ ಎರಡನೆಯದನ್ನು ಮುಂದೆ ಹೆಚ್ಚು ಬಳಸುತ್ತೇವೆ.

ಕಾಯಿಲ್ ಕರಾರುವಾಕ್ಕಾಗಿ 2000 ವ್ಯಾಟ್ ಇರುವುದಿಲ್ಲ. ಇಂಥ ಉಪಕರಣಗಳಿಗೆ ಮೇಲಕ್ಕೆ ಶೇ. 5, ಕೆಳಕ್ಕೆ ಶೇ. 10ರಷ್ಟು ಸಡಿಲಿಕೆ ಇದೆ. ಹಾಗಾಗಿ 25.2ರಿಂದ 29.4 ಓಮ್ ಒಳಗೆ ಯಾವುದು ಬಂದರೂ 2000 ವ್ಯಾಟ್ ಕಾಯಿಲ್ ಸರಿಯಾಗಿದೆ ಎಂದೇ ಅರ್ಥ. 3000 ವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ಆದರೆ 17.6 ಓಮ್, 13 ಆಂಪ್. ಬಕೆಟ್ಟಿಗೆ ಹಾಕುವ 1500 ವ್ಯಾಟ್ ರಾಡ್ ಆದರೆ 35.3 ಓಮ್, 6.5 ಆಂಪ್.

ನೀರು ಎಷ್ಟು ಹೊತ್ತಿಗೆ ಕಾಯಬೇಕು ಎಂಬುದನ್ನೂ ಮೊದಲೇ ಲೆಕ್ಕ ಹಾಕಿ, ಏಕೆಂದರೆ ದೂರು ಬಂದಿರುವುದೇ ಅದರ ಬಗ್ಗೆ. 1 ಲೀಟರ್ ನೀರನ್ನು 1 ಡಿಗ್ರಿ ಏರಿಸಲು ಸುಮಾರು 4186 ಜೂಲ್ ಬೇಕು. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ತರಲು 15 × 4186 × 40, ಅಂದರೆ ಸುಮಾರು 25.1 ಲಕ್ಷ ಜೂಲ್. 2000 ವ್ಯಾಟ್ ಎಂದರೆ ಸೆಕೆಂಡಿಗೆ 2000 ಜೂಲ್, ಆದ್ದರಿಂದ 1256 ಸೆಕೆಂಡ್, ಹತ್ತಿರ ಹತ್ತಿರ 21 ನಿಮಿಷ. 25 ಲೀಟರ್ ಟ್ಯಾಂಕಿಗೆ 35 ನಿಮಿಷ. "ಹತ್ತು ನಿಮಿಷಕ್ಕೆ ಕಾಯುತ್ತಿಲ್ಲ" ಎಂದು ಯಾರಾದರೂ 25 ಲೀಟರ್ ಗೀಸರ್ ತೋರಿಸಿದರೆ ಅದರಲ್ಲಿ ದೋಷವೇ ಇಲ್ಲ.

ಉಪಕರಣ ಮತ್ತು ಎಚ್ಚರಿಕೆ

ಒಂದು ಡಿಜಿಟಲ್ ಮಲ್ಟಿಮೀಟರ್, ಮೊಸಳೆ ಕ್ಲಿಪ್ ಇರುವ ಒಂದು ಜೊತೆ ಪ್ರೋಬ್, ಎಸಿ ಅಳೆಯುವ ಒಂದು ಕ್ಲಾಂಪ್ ಮೀಟರ್ (ವೈರನ್ನು ಕಡಿಯದೆ ಸುತ್ತ ಕಚ್ಚಿಸಿ ಆಂಪ್ ಅಳೆಯುವ ಮೀಟರ್) ಇದ್ದರೆ ಸಾಕು. ಕರೆಂಟ್ ಇರುವಾಗ ಮಾಡುವ ಅಳತೆಗಳನ್ನು ಕೆಲಸ ತಿಳಿದ ಎಲೆಕ್ಟ್ರಿಷಿಯನ್ ಮಾತ್ರ ಮಾಡಬೇಕು. ಬಚ್ಚಲ ನೆಲ ಒದ್ದೆಯಾಗಿರುವಾಗ ಯಾರೂ ಮಾಡಬಾರದು. ಕ್ರಮ ಹೀಗೆ: ಎಂಸಿಬಿ (ಬೋರ್ಡಿನಲ್ಲಿ ಫ್ಯೂಸ್ ಬದಲಿಗೆ ಇರುವ ಸ್ವಿಚ್) ಇಳಿಸಿ, ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಟರ್ಮಿನಲ್‌ಗಳಿಗೆ ಕ್ಲಿಪ್ ಕಚ್ಚಿಸಿ, ಕೈ ಪೂರ್ತಿ ತೆಗೆದು, ಆಮೇಲೆ ಎಂಸಿಬಿ ಏರಿಸಿ ಮೀಟರ್ ಓದಿ. ಒಂದು ಕೈಯಲ್ಲಿ ಪ್ರೋಬ್, ಇನ್ನೊಂದು ಕೈ ನಲ್ಲಿಯ ಮೇಲೆ ಎಂಬ ಸ್ಥಿತಿ ಎಂದೂ ಬರಬಾರದು.

ಮಲ್ಟಿಮೀಟರಿನ ಕೆಂಪು ಪ್ರೋಬ್ 10 ಆಂಪ್ ತೂತಿನಲ್ಲಿ ಉಳಿದುಬಿಟ್ಟಿದ್ದು, ಅದನ್ನು ನೋಡದೆ ಫೇಸ್-ನ್ಯೂಟ್ರಲ್‌ಗೆ ಹಿಡಿದರೆ ಅದು ನೇರ ಶಾರ್ಟ್. ಆಂಪ್ ಅಳೆಯುವ ದಾರಿಯ ರೋಧ ಹೆಚ್ಚುಕಡಿಮೆ ಸೊನ್ನೆ. ಪ್ರೋಬ್ ತುದಿ ಕರಗಿ ಮುಖಕ್ಕೆ ಸಿಡಿಯುತ್ತದೆ. ಮನೆ ಕರೆಂಟಿನಲ್ಲಿ ಆಂಪ್ ಅಳೆಯಲು ಕ್ಲಾಂಪ್ ಮೀಟರನ್ನೇ ಬಳಸಿ.

ಕರೆಂಟ್ ತೆಗೆದು ಅಳೆಯುವುದು

ಗೀಸರ್ ಪ್ಲಗ್ ಕಿತ್ತು ಅದರ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳ ನಡುವೆ ಓಮ್ ನೋಡಿ. ನೀರು ತಣ್ಣಗಿರಬೇಕು, ಇಲ್ಲದಿದ್ದರೆ ಥರ್ಮೋಸ್ಟಾಟ್ ತೆರೆದುಕೊಂಡಿದ್ದು ಸರ್ಕ್ಯೂಟ್ ಕಡಿದಂತೆ ಕಾಣುತ್ತದೆ. ಮೊದಲು ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ 0.2 ಅಥವಾ 0.4 ಓಮನ್ನು ಕಳೆಯಿರಿ. 27ರ ಆಸುಪಾಸಿನಲ್ಲಿ ಬಂದರೆ ಕಾಯಿಲ್, ಥರ್ಮೋಸ್ಟಾಟ್, ಕಟೌಟ್ (ನೀರು ಮಿತಿಮೀರಿ ಕಾದರೆ ಕರೆಂಟ್ ಕಡಿಯುವ ಸುರಕ್ಷಾ ಸ್ವಿಚ್), ಕೇಬಲ್ ಎಲ್ಲವೂ ಒಂದಕ್ಕೊಂದು ಸೇರಿಕೊಂಡಿವೆ.

ಓಎಲ್ (ಮೀಟರ್ ಅಳೆಯಲಾಗದಷ್ಟು ಹೆಚ್ಚು ರೋಧ) ಎಂದು ತೋರಿಸಿದರೆ ಎಲ್ಲೋ ಕಡಿದಿದೆ. ಕವರ್ ಬಿಚ್ಚಿ ಕಾಯಿಲ್‌ನ ಎರಡು ಟರ್ಮಿನಲ್‌ಗಳಿಗೆ ನೇರವಾಗಿ ಹಿಡಿಯಿರಿ. ಅಲ್ಲಿ 27 ಓಮ್ ಇದ್ದರೆ ಕಾಯಿಲ್ ಚೆನ್ನಾಗಿದೆ, ತಪ್ಪು ಥರ್ಮೋಸ್ಟಾಟ್ ಅಥವಾ ಕಟೌಟ್‌ನದು. ಕಟೌಟ್‌ನ ಪುಟ್ಟ ಗುಂಡಿ ಒತ್ತಿದರೆ ಟಕ್ ಎಂದು ಕೂತು ಸರಿಹೋಗಬಹುದು. ಅಷ್ಟಕ್ಕೇ ಕವರ್ ಮುಚ್ಚಬೇಡಿ. ಕಟೌಟ್ ಸುಮ್ಮನೆ ಬೀಳುವುದಿಲ್ಲ. ಥರ್ಮೋಸ್ಟಾಟ್‌ನ ಕಾಂಟ್ಯಾಕ್ಟ್ ಅಂಟಿಕೊಂಡು ನೀರು ಕುದಿಯುವ ಮಟ್ಟಕ್ಕೆ ಹೋಗಿರಬಹುದು, ಇಲ್ಲವೇ ಟ್ಯಾಂಕಿನಲ್ಲಿ ನೀರಿಲ್ಲದೆ ಕಾಯಿಲ್ ಉರಿದಿರಬಹುದು. ಥರ್ಮೋಸ್ಟಾಟ್ ಹೊರತೆಗೆದು ಅದರ ಕಡ್ಡಿಯನ್ನು ಬಿಸಿನೀರಿನಲ್ಲಿ ಅದ್ದಿ, ಸೆಟ್ಟಿಂಗ್ ಮೀರಿದಾಗ ಓಮ್ ಓಎಲ್‌ಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಬದಲಾಯಿಸಲೇಬೇಕು.

ಕಾಯಿಲ್‌ನ ತಂತಿ ನೈಕ್ರೋಮ್. ತಣ್ಣಗಿದ್ದಾಗ ಅಳೆದ ರೋಧಕ್ಕೂ ಕಾದಾಗಿನ ರೋಧಕ್ಕೂ ಹೆಚ್ಚೆಂದರೆ ಶೇಕಡಾ ಕೆಲವಷ್ಟೇ ವ್ಯತ್ಯಾಸ, ಹಾಗಾಗಿ ಈ ಅಳತೆಯನ್ನು ನಂಬಬಹುದು. ಹಳೆಯ ಫಿಲಮೆಂಟ್ ಬಲ್ಬಿಗೆ ಈ ಮಾತು ಹೊಂದುವುದಿಲ್ಲ. 60 ವ್ಯಾಟ್ ಬಲ್ಬ್ ಉರಿಯುವಾಗ ಸುಮಾರು 880 ಓಮ್, ತಣ್ಣಗಿದ್ದಾಗ ಅದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ.

ಓಡುತ್ತಿರುವಾಗ ಅಳೆಯುವುದು

ಇಲ್ಲಿಗೆ ಬರುವ ಹೊತ್ತಿಗೆ ಕಾಯಿಲ್ ಸರಿಯಿದೆ ಎಂದು ಗೊತ್ತಾಗಿದೆ, ಆದರೂ ನೀರು ತಡವಾಗಿ ಕಾಯುತ್ತಿದೆ. ಈಗ ಬೇಕಾದುದು ಮೂರು ಸಂಖ್ಯೆ: ಗೀಸರ್ ಆಫ್ ಇದ್ದಾಗ (ಸ್ವಿಚ್ ಹಾಕಿದ್ದು, ಥರ್ಮೋಸ್ಟಾಟ್ ಕಡಿದಿರುವಾಗ) ಅದರ ಟರ್ಮಿನಲ್‌ಗೆ ಬರುವ ವೋಲ್ಟ್, ಆನ್ ಆದ ಮೇಲೆ ಅದೇ ಜಾಗದ ವೋಲ್ಟ್, ಅದೇ ಹೊತ್ತಿನ ಆಂಪ್.

ಕ್ಲಾಂಪನ್ನು ಬೋರ್ಡಿನಲ್ಲಿ ಗೀಸರ್ ಎಂಸಿಬಿಯಿಂದ ಹೊರಡುವ ಒಂಟಿ ಫೇಸ್ ವೈರಿಗೆ ಹಾಕಿ. ಮೂರು ವೈರ್ ಇರುವ ಇಡೀ ಕೇಬಲ್ಲಿಗೆ ಹಾಕಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಕಳೆದುಕೊಂಡು ಸೊನ್ನೆ ತೋರಿಸುತ್ತದೆ. ಗೀಸರ್ ಕರೆಂಟೇ ಎಳೆಯುತ್ತಿಲ್ಲ ಎಂದು ತಪ್ಪು ತಿಳಿಯುವುದು ಹೆಚ್ಚಾಗಿ ಇಲ್ಲೇ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. ಆಫ್ ಇದ್ದಾಗ 232 ವೋಲ್ಟ್. ಆನ್ ಮಾಡಿದಾಗ 221 ವೋಲ್ಟ್, 8.36 ಆಂಪ್.

ಕಾಯಿಲ್ ರೋಧ 221 ÷ 8.36 = 26.4 ಓಮ್. ಕಾಯಿಲ್ ನಿರ್ದೋಷಿ. ಅದು ತೆಗೆದುಕೊಳ್ಳುತ್ತಿರುವುದು 221 × 8.36 = 1848 ವ್ಯಾಟ್.

ಕಳೆದುಹೋದ 11 ವೋಲ್ಟ್ ದಾರಿಯಲ್ಲಿ ಎಲ್ಲೋ ಬಿದ್ದಿದೆ. ದಾರಿಯ ರೋಧ 11 ÷ 8.36 = 1.3 ಓಮ್. ಅಲ್ಲಿ ಶಾಖವಾಗಿ ಹೋಗುತ್ತಿರುವುದು 11 × 8.36 = 92 ವ್ಯಾಟ್. ನೀರಿಗೆ ಇದೇನೂ ದೊಡ್ಡ ನಷ್ಟವಲ್ಲ, ಒಂದೆರಡು ನಿಮಿಷ ತಡವಾಗಬಹುದು ಅಷ್ಟೇ. ನಮಗೆ ಚಿಂತೆ ಇರಬೇಕಾದುದು ಆ 92 ವ್ಯಾಟ್ ಎಲ್ಲಿ ಸುಡುತ್ತಿದೆ ಎಂಬುದರ ಬಗ್ಗೆ.

ಅದನ್ನು ಹುಡುಕಲು ದಾರಿಯನ್ನು ತುಂಡು ಮಾಡಿ. ಗೀಸರ್ ಓಡುತ್ತಿರುವಾಗಲೇ ಎಂಸಿಬಿ ಬೋರ್ಡಿನಲ್ಲಿ ವೋಲ್ಟ್ ನೋಡಿದರೆ 229 ಇದೆ ಎನ್ನೋಣ. ಅಂದರೆ 232ರಿಂದ 3 ವೋಲ್ಟ್ ಮಾತ್ರ ಮನೆಯ ಹೊರಗೆ, ಕಂಬದಿಂದ ಬರುವ ಸರ್ವಿಸ್ ವೈರ್ ಮತ್ತು ಟ್ರಾನ್ಸ್‌ಫಾರ್ಮರ್ ಲೈನಿನಲ್ಲಿ ಬಿದ್ದಿದೆ. ಉಳಿದ 8 ವೋಲ್ಟ್ ಮನೆಯೊಳಗೆ, ಬೋರ್ಡಿನಿಂದ ಬಚ್ಚಲಿನವರೆಗೆ. 8 ÷ 8.36 = 0.95 ಓಮ್.

ಈಗ ವೈರಿಗೆ ನ್ಯಾಯವಾಗಿ ಎಷ್ಟು ಇರಬೇಕೋ ಅದನ್ನು ಕಳೆಯಿರಿ. 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಕಿಲೋಮೀಟರಿಗೆ ಏಳೂವರೆ ಓಮ್ ಆಸುಪಾಸು. ಬೋರ್ಡಿನಿಂದ ಗೀಸರಿಗೆ 20 ಮೀಟರ್ ಇದ್ದರೆ ಹೋಗಿ ಬರುವ ದಾರಿ 40 ಮೀಟರ್, ಅಂದರೆ ಸುಮಾರು 0.3 ಓಮ್. ಈ ಎರಡು ಪಟ್ಟನ್ನು ಮರೆತರೆ ಇಡೀ ಲೆಕ್ಕ ಕೆಡುತ್ತದೆ. 0.95ರಲ್ಲಿ 0.3 ಕಳೆದರೆ 0.65 ಓಮ್ ಉಳಿಯುತ್ತದೆ. ಅದಕ್ಕೆ ಯಾವ ವೈರೂ ಹೊಣೆಯಲ್ಲ. ಅದು ಒಂದು ಕೆಟ್ಟ ಜಾಯಿಂಟ್.

8.36 × 8.36 × 0.65 = ಸುಮಾರು 45 ವ್ಯಾಟ್.

ಈ 45 ವ್ಯಾಟ್ ಒಂದು ಸ್ಕ್ರೂ ತಲೆಯಷ್ಟು ಜಾಗದಲ್ಲಿ ಹುಟ್ಟುತ್ತಿದೆ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಳಸುವ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವ್ಯಾಟ್, ಅದು ಸೀಸವನ್ನು ಕರಗಿಸುತ್ತದೆ. ಹಾಗಿದ್ದಮೇಲೆ ಪ್ಲಗ್ ಕಪ್ಪಾಗುವುದರಲ್ಲಿ, ಸಾಕೆಟ್ ಕರಗುವುದರಲ್ಲಿ ಆಶ್ಚರ್ಯವಿಲ್ಲ. ಹೋಲಿಕೆಗೆ ಇನ್ನೊಂದು ಲೆಕ್ಕ: ಯಾರೋ ಗೀಸರಿಗೆ 1 ಚದರ ಮಿಲಿಮೀಟರಿನ ತೆಳು ವೈರ್ ಎಳೆದಿದ್ದಾರೆ ಎಂದುಕೊಳ್ಳಿ. 40 ಮೀಟರಿಗೆ ಸುಮಾರು 0.75 ಓಮ್, ನಷ್ಟ 50 ವ್ಯಾಟ್ ಮೀರುತ್ತದೆ. ಆದರೆ ಅದು 40 ಮೀಟರ್ ಉದ್ದಕ್ಕೂ ಹಂಚಿಹೋಗಿ ಮೀಟರಿಗೆ ಒಂದೂಕಾಲು ವ್ಯಾಟ್ ಅಷ್ಟೇ. ತಪ್ಪು ಕೆಲಸವೇ, ಬದಲಾಯಿಸಬೇಕಾದ್ದೇ, ಆದರೆ ಇವತ್ತು ರಾತ್ರಿ ಬೆಂಕಿ ಹತ್ತುವ ಅಪಾಯ ಸಡಿಲ ಸ್ಕ್ರೂವಿನಲ್ಲಿ ಹೆಚ್ಚು. ವೋಲ್ಟೇಜ್ ಡ್ರಾಪ್ ಎರಡರಲ್ಲೂ ಒಂದೇ ರೀತಿ ಕಾಣುತ್ತದೆ, ಅದಕ್ಕೇ ಎಷ್ಟು ಬಿದ್ದಿದೆ ಎಂದು ನೋಡಿ ಬಿಟ್ಟುಬಿಡಬಾರದು, ಎಲ್ಲಿ ಬಿದ್ದಿದೆ ಎಂದು ಹುಡುಕಬೇಕು.

ಆ ಜಾಯಿಂಟ್ ಫೇಸ್ ಕಡೆ ಇದೆಯೋ ನ್ಯೂಟ್ರಲ್ ಕಡೆಯೋ? ಗೀಸರ್ ಓಡುವಾಗ ಗೀಸರ್ ಬಳಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ವೋಲ್ಟ್ ನೋಡಿ. ಅರ್ಥ್ ವೈರಿನಲ್ಲಿ ಕರೆಂಟ್ ಹರಿಯುತ್ತಿಲ್ಲವಾದ್ದರಿಂದ ನ್ಯೂಟ್ರಲ್ ದಾರಿಯಲ್ಲಿ ಬಿದ್ದ ವೋಲ್ಟೇಜ್ ಇಲ್ಲಿ ನೇರವಾಗಿ ಕಾಣುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡರ ಆಸುಪಾಸಿನಲ್ಲಿ ಇರಬೇಕಾದ್ದು 7 ವೋಲ್ಟಿಗೆ ಏರಿದ್ದರೆ ಕೆಟ್ಟ ಜಾಯಿಂಟ್ ನ್ಯೂಟ್ರಲ್‌ನಲ್ಲಿದೆ. ಎರಡರ ಹತ್ತಿರವೇ ನಿಂತಿದ್ದರೆ ಫೇಸ್ ಕಡೆ ಹುಡುಕಿ. ಅರ್ಥ್ ಸರಿಯಿರುವ ಮನೆಯಲ್ಲಿ ಮಾತ್ರ ಈ ಪರೀಕ್ಷೆ ಮಾತಾಡುತ್ತದೆ.

ಅಲ್ಲಿಂದ ಮುಂದೆ ಕಣ್ಣು, ಮೂಗು ಸಾಕು. ಎಂಸಿಬಿ ಇಳಿಸಿ ಎಲ್ಲವನ್ನೂ ಬಿಚ್ಚಿ: ಸಾಕೆಟ್ಟಿನ ಒಳಗಿನ ಹಿತ್ತಾಳೆ ತುಟಿಗಳು ಅಗಲವಾಗಿವೆಯೇ, ಪ್ಲಗ್ ಪಿನ್ ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದೆಯೇ, ಸ್ವಿಚ್ಚಿನ ಸ್ಕ್ರೂ ಕೆಳಗೆ ವೈರಿನ ಎಳೆಗಳು ಅರ್ಧ ಮಾತ್ರ ಸಿಕ್ಕಿವೆಯೇ, ಜಂಕ್ಷನ್ ಬಾಕ್ಸಿನಲ್ಲಿ ಟೇಪ್ ಸುತ್ತಿದ ತಿರುಚು ಜಾಯಿಂಟ್ ಇದೆಯೇ. ಗೀಸರನ್ನು 6 ಆಂಪ್ ಸಾಕೆಟ್ಟಿಗೆ ಕನ್ವರ್ಟರ್ ಪ್ಲಗ್ ಹಾಕಿ ಓಡಿಸುತ್ತಿದ್ದರೆ ಬೇರೆ ದೋಷ ಹುಡುಕುವ ಮೊದಲು ಅದನ್ನು ಕಿತ್ತು 16 ಆಂಪ್ ಸಾಕೆಟ್ ಹಾಕಿಸಿ. ಬಿಸಿಗೆ ಕಪ್ಪಾದ ಸಾಕೆಟ್ಟನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕಬೇಡಿ. ಹಿತ್ತಾಳೆಯ ಬಿಗಿ ಹೋಗಿರುತ್ತದೆ, ಒಂದು ತಿಂಗಳಲ್ಲಿ ಮತ್ತೆ ಅದೇ ಕಥೆ. ಸಾಕೆಟ್ಟೂ ಪ್ಲಗ್ಗೂ ಎರಡನ್ನೂ ಜೊತೆಗೇ ಬದಲಾಯಿಸಿ, ವೈರಿನ ಸುಟ್ಟ ತುದಿಯನ್ನು ತಾಮ್ರ ಹೊಳೆಯುವ ತನಕ ಕತ್ತರಿಸಿ.

ಓಡುವಾಗ ಆಂಪ್ ಸೊನ್ನೆ, ಆದರೆ ಟೆಸ್ಟರ್ ಕಾಯಿಲ್‌ನ ಎರಡೂ ತುದಿಯಲ್ಲಿ ಹತ್ತುತ್ತದೆ ಎಂದಾದರೆ ನ್ಯೂಟ್ರಲ್ ಕಡಿದಿದೆ. ಫೇಸ್ ಕಾಯಿಲ್ ಮೂಲಕ ಆ ಕಡೆ ತುದಿಗೂ ಬಂದು ನಿಂತಿರುತ್ತದೆ. ಎರಡು ತುದಿಗಳ ನಡುವೆ ಮೀಟರ್ ಹಿಡಿದರೆ ಸೊನ್ನೆ. ಇದಕ್ಕೆ ತಿರುಗುಮುರುಗಾಗಿ, ಕಡಿದುಹೋದ ವೈರಿನಲ್ಲೂ ಡಿಜಿಟಲ್ ಮೀಟರ್ 80, 100 ವೋಲ್ಟ್ ತೋರಿಸಬಹುದು. ಮೀಟರಿನ ಒಳರೋಧ 10 ಮೆಗಾಓಮ್ ಆಸುಪಾಸು ಇರುವುದರಿಂದ ಪಕ್ಕದ ವೈರಿನಿಂದ ಹಾರಿಬಂದ ಚೂರು ಕರೆಂಟಿಗೂ ಅದು ವೋಲ್ಟ್ ಓದುತ್ತದೆ. ಒಂದು ಫಿಲಮೆಂಟ್ ಬಲ್ಬನ್ನು ಲೋಡಾಗಿ ಹಾಕಿ ನೋಡಿದರೆ ಆ ಸುಳ್ಳು ವೋಲ್ಟೇಜ್ ಕುಸಿದುಬಿಡುತ್ತದೆ.

ವೋಲ್ಟೇಜೇ ಕಡಿಮೆ ಬರುತ್ತಿದ್ದರೆ

ಟ್ರಾನ್ಸ್‌ಫಾರ್ಮರಿನಿಂದ ದೂರ ಇರುವ ತೋಟದ ಮನೆಗಳಲ್ಲಿ, ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿನಲ್ಲಿ, 180 ವೋಲ್ಟಿಗೆ ಇಳಿಯುವುದು ಹೊಸದೇನಲ್ಲ. ಆಗ 2000 ವ್ಯಾಟ್ ಗೀಸರ್ ಎಷ್ಟು ಎಳೆಯುತ್ತದೆ?

ತಪ್ಪು ಲೆಕ್ಕ: 2000 ÷ 180 = 11.1 ಆಂಪ್. ಇದು ಆಗುವುದೇ ಇಲ್ಲ. ಪ್ಲೇಟಿನ ಮೇಲಿನ 2000 ವ್ಯಾಟ್ 230 ವೋಲ್ಟ್ ಬಂದಾಗ ಮಾತ್ರ ನಿಜ. ಬದಲಾಗದೆ ಉಳಿಯುವುದು ಕಾಯಿಲ್‌ನ ರೋಧ, ವ್ಯಾಟ್ ಅಲ್ಲ. ಸರಿ ಲೆಕ್ಕ: 180 ÷ 26.45 = 6.8 ಆಂಪ್, 180 × 180 ÷ 26.45 = 1225 ವ್ಯಾಟ್.

ವೋಲ್ಟೇಜ್ ಇಳಿದದ್ದು ಶೇ. 22, ವ್ಯಾಟ್ ಇಳಿದದ್ದು ಸುಮಾರು ಶೇ. 39. ಮೇಲೆ 21 ನಿಮಿಷ ಹಿಡಿದ 15 ಲೀಟರಿಗೆ ಈಗ 34 ನಿಮಿಷ ಬೇಕು. ಇಲ್ಲಿ ಹೊಸ ಕಾಯಿಲ್ ಹಾಕಿದರೆ ದುಡ್ಡು ದಂಡ. ಗೀಸರಿಗೆಂದೇ ಸ್ಟೆಬಿಲೈಜರ್ ಕೊಳ್ಳುವುದನ್ನೂ ನಾವು ಹೇಳುವುದಿಲ್ಲ: ನೀರು ಕಾಯಲು ಬೇಕಾದ ಯೂನಿಟ್ ಹೆಚ್ಚುಕಡಿಮೆ ಅಷ್ಟೇ, ಹೊತ್ತು ಮಾತ್ರ ಹೆಚ್ಚು. ಹದಿನೈದು ನಿಮಿಷ ಮೊದಲು ಸ್ವಿಚ್ ಹಾಕಿದರೆ ಆಯಿತು. ಎಂಸಿಬಿ ಬೋರ್ಡಿನಲ್ಲೇ, ಗೀಸರ್ ಆಫ್ ಇದ್ದಾಗಲೂ 180 ಬರುತ್ತಿದ್ದರೆ ಅದನ್ನು ಸಮಯದೊಂದಿಗೆ ಎರಡು ಮೂರು ದಿನ ಬರೆದಿಟ್ಟು ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಗೆ ದೂರು ಕೊಡಿ. "ವೋಲ್ಟೇಜ್ ಸರಿಯಿಲ್ಲ" ಎಂಬ ಬರಿ ಮಾತಿಗಿಂತ ಗಂಟೆ, ವೋಲ್ಟ್ ಇರುವ ಪಟ್ಟಿಗೆ ತೂಕ ಹೆಚ್ಚು.

ಕ್ಲಾಂಪ್ ಮೀಟರ್ ಇಲ್ಲದಿದ್ದರೆ

ಮನೆಯ ವಿದ್ಯುತ್ ಮೀಟರಿನ ಮೇಲೆ ಮಿನುಗುವ ಕೆಂಪು ದೀಪ ಇದೆಯಲ್ಲ, ಅದೇ ವ್ಯಾಟ್ ಮೀಟರ್. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಮೀಟರಿನ ಮೇಲೆ ಅಚ್ಚಾಗಿರುತ್ತದೆ. 3200 ಎಂದಿದ್ದರೆ ಒಂದು ಮಿನುಗು ಎಂದರೆ 1125 ಜೂಲ್. ಫ್ರಿಜ್ ಸೇರಿದಂತೆ ಮನೆಯ ಉಳಿದದ್ದೆಲ್ಲ ಆಫ್ ಮಾಡಿ, ಗೀಸರ್ ಒಂದನ್ನೇ ಓಡಿಸಿ, 50 ಮಿನುಗಿಗೆ ಹಿಡಿದ ಸೆಕೆಂಡ್ ಎಣಿಸಿ. 28 ಸೆಕೆಂಡ್ ಆದರೆ 1125 × 50 ÷ 28 = 2009 ವ್ಯಾಟ್. 46 ಸೆಕೆಂಡ್ ಆದರೆ 1223 ವ್ಯಾಟ್, ವೋಲ್ಟೇಜ್ ಕಡಿಮೆ ಇದೆ ಎಂದಾಯಿತು.

ಶಾಕ್ ಹೊಡೆಯುತ್ತಿದ್ದರೆ, ಆರ್‌ಸಿಸಿಬಿ ಬೀಳುತ್ತಿದ್ದರೆ

ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಕಾಯಿಲ್ ಮೇಲೆ ಸುಣ್ಣದ ಪದರ ಕೂರುತ್ತದೆ. ಇದರಿಂದ ವ್ಯಾಟ್ ಕಡಿಮೆಯಾಗುವುದಿಲ್ಲ. ಶಾಖ ನೀರಿಗೆ ಹೋಗಲಾರದೆ ಕಾಯಿಲ್ ಮಿತಿಮೀರಿ ಕಾದು ಅದರ ಹೊರಕೊಳವೆ ಸೀಳುತ್ತದೆ. ಒಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ನೀರು ಕುಡಿದು ಕರೆಂಟ್ ಅರ್ಥ್‌ಗೆ ಸೋರುತ್ತದೆ. ಅಷ್ಟಾದರೂ ಫೇಸ್-ನ್ಯೂಟ್ರಲ್ ನಡುವೆ 27 ಓಮೇ ಇರುತ್ತದೆ, ನೀರೂ ಕಾಯುತ್ತಿರುತ್ತದೆ. ಅದಕ್ಕೇ ಈ ದೋಷ ಅತ್ಯಂತ ಅಪಾಯದ್ದು.

ಕರೆಂಟ್ ಅರ್ಥ್‌ಗೆ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಬೀಳಲು ಬೇಕಾದ ಸೋರಿಕೆ ರೋಧ 230 ÷ 0.03, ಅಂದರೆ ಸುಮಾರು 7.7 ಕಿಲೋಓಮ್. ಅರ್ಧದಷ್ಟು ಸೋರಿಕೆಗೇ ಬೀಳಬಹುದು, ಆಗ 15 ಕಿಲೋಓಮ್. ಪ್ಲಗ್ಗಿನ ಫೇಸ್ ಪಿನ್ ಮತ್ತು ಅರ್ಥ್ ಪಿನ್ ನಡುವೆ ಮಲ್ಟಿಮೀಟರ್ ಓಎಲ್ ಬಿಟ್ಟು ಬೇರೇನು ತೋರಿಸಿದರೂ ಕಾಯಿಲ್ ಬದಲಾಯಿಸಿ. ಓಎಲ್ ತೋರಿಸಿತೆಂದು ಸುಮ್ಮನಾಗುವ ಹಾಗೂ ಇಲ್ಲ. ಮಲ್ಟಿಮೀಟರ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ, ಸೋರಿಕೆ ಹುಟ್ಟುವುದು 230 ವೋಲ್ಟಿನಲ್ಲಿ. ಅನುಮಾನ ಇದ್ದರೆ 500 ವೋಲ್ಟ್ ಮೆಗ್ಗರ್ (ಹೆಚ್ಚಿನ ವೋಲ್ಟ್ ಕೊಟ್ಟು ಸೋರಿಕೆ ರೋಧ ಅಳೆಯುವ ಉಪಕರಣ) ಹಾಕಿಸಿ, 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಗೀಸರ್ ಬಳಸಬೇಡಿ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಓಡಿಸುವುದು ಪ್ರಾಣದ ಜೊತೆ ಆಟ.

ಸಂಖ್ಯೆ ಎಲ್ಲ ಸರಿ, ನೀರು ಮಾತ್ರ ತಣ್ಣಗೆ

228 ವೋಲ್ಟ್, 8.6 ಆಂಪ್, 1960 ವ್ಯಾಟ್. ಹೀಗೆ ಬಂದರೆ ವಿದ್ಯುತ್ತಿನ ಕಡೆ ಹುಡುಕುವುದನ್ನು ನಿಲ್ಲಿಸಿ. ಕ್ಲಾಂಪ್ ಹಾಗೇ ಇರಲಿ, ಗಡಿಯಾರ ನೋಡಿ: ಐದಾರು ನಿಮಿಷಕ್ಕೇ ಆಂಪ್ ಸೊನ್ನೆಗೆ ಬಿದ್ದರೆ ಥರ್ಮೋಸ್ಟಾಟ್ ಬೇಗ ಕಡಿಯುತ್ತಿದೆ. 20 ನಿಮಿಷ ಓಡಿ ಸರಿಯಾಗಿ ಕಡಿದರೂ ನಲ್ಲಿಯಲ್ಲಿ ಬಿಸಿನೀರು ಒಂದು ಮಗ್ ಬಂದು ನಿಂತುಹೋದರೆ, ತಣ್ಣೀರು ಮತ್ತು ಬಿಸಿನೀರಿನ ಪೈಪ್ ಅದಲು ಬದಲಾಗಿದೆ, ಅಥವಾ ಟ್ಯಾಂಕಿನೊಳಗಿನ ತಣ್ಣೀರಿನ ಪ್ಲಾಸ್ಟಿಕ್ ಕೊಳವೆ ಮುರಿದಿದೆ. ಮಿಕ್ಸರ್ ನಲ್ಲಿಯ ಒಳಗೆ ತಣ್ಣೀರು ಸೋರುತ್ತಿದೆಯೇ ಎಂಬುದನ್ನೂ ನೋಡಿ.

ಈ ಲೆಕ್ಕವನ್ನು ಮೋಟರಿಗೆ ತೆಗೆದುಕೊಂಡು ಹೋಗಬೇಡಿ. 1 ಎಚ್‌ಪಿ ಪಂಪ್ 230 ವೋಲ್ಟಿನಲ್ಲಿ 6 ಆಂಪ್ ಎಳೆದರೆ 230 ÷ 6 = 38 ಎಂದು ಬರುತ್ತದೆ, ಆದರೆ ವೈಂಡಿಂಗಿಗೆ ಓಮ್ ಮೀಟರ್ ಹಿಡಿದರೆ ಕೆಲವೇ ಓಮ್. ಉಳಿದದ್ದು ವೈಂಡಿಂಗಿನ ಕಾಂತಕ್ಷೇತ್ರದ ತಡೆ. 230 × 6 = 1380 ಕೂಡ ಅದರ ನಿಜವಾದ ವ್ಯಾಟ್ ಅಲ್ಲ, ಪವರ್ ಫ್ಯಾಕ್ಟರಿನಿಂದ (ವೋಲ್ಟ್ × ಆಂಪ್‌ನಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) ಗುಣಿಸಬೇಕು. ಗೀಸರ್, ಇಸ್ತ್ರಿಪೆಟ್ಟಿಗೆ, ರಾಡ್, ಕಾಯಿಲ್ ಒಲೆ, ಇಂಥ ಬರಿ ಶಾಖದ ಉಪಕರಣಗಳಿಗೆ ಮಾತ್ರ ಇಲ್ಲಿಯ ಲೆಕ್ಕ ನೇರವಾಗಿ ನಿಲ್ಲುತ್ತದೆ.

ರಿಪೇರಿ ಮುಗಿದ ಮೇಲೆ ಟ್ಯಾಂಕ್ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ನೀರು ಗಾಳಿಯಿಲ್ಲದೆ ಹರಿಯುವ ತನಕ ಸ್ವಿಚ್ ಹಾಕಬೇಡಿ. ನೀರಿಲ್ಲದೆ ಹಾಕಿದರೆ ಹೊಸ ಕಾಯಿಲ್ ಅಲ್ಲೇ ಹೋಗುತ್ತದೆ. ಹತ್ತು ನಿಮಿಷ ಓಡಿಸಿ, ಎಂಸಿಬಿ ಇಳಿಸಿ, ಪ್ಲಗ್ ಪಿನ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಜಾಯಿಂಟ್ ಇನ್ನೂ ಸರಿಯಾಗಿಲ್ಲ. ಕೊನೆಗೆ ಓಡುವಾಗಿನ ವೋಲ್ಟ್, ಆಂಪ್, ತಣ್ಣಗಿನ ಓಮ್ ಮತ್ತು ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಗೀಸರಿನ ಕವರ್ ಒಳಗೆ ಅಂಟಿಸಿ. ಮುಂದಿನ ಸಲ ಕವರ್ ಬಿಚ್ಚುವವರಿಗೆ ಪ್ಲೇಟಿನ ಸಂಖ್ಯೆಗಿಂತ ಈ ಸಂಖ್ಯೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.